ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಆರು ಸ್ಪೀಕರು

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಮಲಗುವ ಕೋಣೆ ಎಂದರೆ ಸಾಮಾನ್ಯವಾಗಿ ಹತ್ತು ಬೈ ಹನ್ನೆರಡು. ಅಷ್ಟರಲ್ಲೇ ಮಂಚ, ಬೀರು, ಸಜ್ಜಾದ ಮೇಲೆ ಊರಿಂದ ತಂದ ಪಾತ್ರೆಗಳ ಮೂಟೆ, ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದ ಬಟ್ಟೆ. ಹಾಲಿನಲ್ಲಿ ಧಾರಾವಾಹಿ, ಮಕ್ಕಳ ಹೋಂವರ್ಕು, ಬಂದುಹೋಗುವವರ ಮಾತು. ಸಿನಿಮಾ ಹುಚ್ಚಿನವರಿಗೆ ಉಳಿಯುವುದು ರಾತ್ರಿ ಊಟವಾದ ಮೇಲಿನ ಹೊತ್ತು ಮತ್ತು ಈ ಕೋಣೆ. ಗೋಡೆಗೆ ಟೀವಿಯೂ ಬಂದಿರುತ್ತದೆ. ಚಿತ್ರಕ್ಕೆ ಹೆಸರಿಡುವಂತಿಲ್ಲ, ಸದ್ದು ಮಾತ್ರ ಸೊರಗಿರುತ್ತದೆ. ಟೀವಿ ತೆಳ್ಳಗಾದಂತೆಲ್ಲ ಒಳಗೆ ಸ್ಪೀಕರಿಗೆ ಜಾಗ ಇಲ್ಲವಾಗಿ, ಈಗ ಅದು ತಳದಲ್ಲಿ ನೆಲಕ್ಕೋ ಬೆನ್ನಿನಲ್ಲಿ ಗೋಡೆಗೋ ಮುಖ ಮಾಡಿಕೊಂಡು ಕೂತಿದೆ. ಕೇಳುವವರ ಕಡೆ ತಿರುಗಿದ್ದೇ ಅಪರೂಪ.

ಇಂಥ ಕೋಣೆಗೆ ಐದು ಸ್ಪೀಕರು, ಒಂದು ಸಬ್‌ವೂಫರು ತರುತ್ತೇನೆಂದರೆ ಮನೆಯವರ ಮೊದಲ ಆಕ್ಷೇಪ ದುಡ್ಡಿನದು, ಎರಡನೆಯದು ಜಾಗದ್ದು. ಎರಡಕ್ಕೂ ಉತ್ತರವಿದೆ. ದೊಡ್ಡ ಹಾಲನ್ನು ಸದ್ದಿನಿಂದ ತುಂಬಲು ನಿಜಕ್ಕೂ ಖರ್ಚು ತಗಲುತ್ತದೆ. ಚಿಕ್ಕ ಕೋಣೆಗೆ ಸ್ವಲ್ಪವೇ ಸಾಕು. ಅಲ್ಲಿ ಹೆಚ್ಚು ಬೇಕಾಗುವುದು ಒಂದು ಅಳತೆ ಟೇಪು, ಮಂಚ ಸರಿಸಲು ಇನ್ನೊಂದು ಜೊತೆ ಕೈ, ನಾಲ್ಕು ಗೋಡೆಗಳ ನಡುವೆ ಸದ್ದು ಏನೇನು ಮಾಡುತ್ತದೆಂಬ ತಿಳಿವಳಿಕೆ.

ಆರೇ ಏಕೆ ಎಂಬುದಕ್ಕೆ ಸುಮಾರು ತೊಂಬತ್ತು ವರ್ಷಗಳ ಕತೆಯಿದೆ. 1931ರಲ್ಲಿ ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ ಪತ್ನಿಯೊಡನೆ ಸಿನಿಮಾಗೆ ಹೋಗಿದ್ದರು. ಪರದೆಯ ಈ ತುದಿಯಿಂದ ಆ ತುದಿಗೆ ನಟ ನಡೆದುಹೋದರೂ ಅವನ ದನಿ ನಿಂತಲ್ಲೇ ನಿಂತಿತ್ತು. ಇದಕ್ಕೆ ದಾರಿ ಹುಡುಕಿದ ಬ್ಲಮ್ಲೈನ್ ಅದೇ ವರ್ಷದ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಇವತ್ತಿನ ಸ್ಟೀರಿಯೋ ಧ್ವನಿಮುದ್ರಣದ ಬೇರು ಅಲ್ಲಿದೆ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಫಿಲಡೆಲ್ಫಿಯಾದ ವಾದ್ಯವೃಂದದ ಸದ್ದನ್ನು ಮೂರು ಚಾನೆಲ್ಲುಗಳಲ್ಲಿ ವಾಷಿಂಗ್ಟನ್ನಿಗೆ ಕಳಿಸಿ ಅಲ್ಲಿನ ಸಭಾಂಗಣದಲ್ಲಿ ಕೇಳಿಸಿತು. ಎಡ, ಬಲದ ಜೊತೆ ನಡುವೆಯೂ ಒಂದು ಸ್ಪೀಕರು. ಆ ಸಂಜೆ ಸದ್ದಿನ ಹದ ನೋಡಿಕೊಳ್ಳುತ್ತ ವಾಷಿಂಗ್ಟನ್ನಿನಲ್ಲಿ ಕೂತಿದ್ದವರು ಆ ವಾದ್ಯವೃಂದದ ನಿರ್ದೇಶಕ ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ. ಇದೇ ಸ್ಟೊಕೊವ್‌ಸ್ಕಿ ಸಂಗೀತ ನಡೆಸಿಕೊಟ್ಟ ಡಿಸ್ನಿಯ ‘ಫ್ಯಾಂಟೇಸಿಯಾ’ 1940ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಾಗ ಸದ್ದು ಪ್ರೇಕ್ಷಕರ ಸುತ್ತಲಿಂದಲೂ ಬಂತು. ಆ ಯಂತ್ರಗಳ ಖರ್ಚಿನಿಂದಾಗಿ ಅದು ಬೆರಳೆಣಿಕೆಯ ಥಿಯೇಟರುಗಳಲ್ಲೇ ಉಳಿಯಿತು.

ಈ ಕತೆಯಲ್ಲಿ ಭಾರತವೂ ಬರುತ್ತದೆ. ಅಮೆರಿಕದ ಎಂಜಿನಿಯರ್ ರೇ ಡಾಲ್ಬಿ 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರರಾಗಿ ಇಲ್ಲಿದ್ದರು; ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯನ್ನು ಕಟ್ಟುವ ಕೆಲಸದಲ್ಲಿ ನೆರವಾದರು. 1965ರಲ್ಲಿ ಇಂಗ್ಲೆಂಡಿಗೆ ಮರಳಿ ತಮ್ಮ ಹೆಸರಿನ ಪ್ರಯೋಗಾಲಯ ತೆರೆದರು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ 1975ರಲ್ಲಿ 70 ಎಂಎಂ ಪರದೆ, ಆರು ಟ್ರ್ಯಾಕಿನ ಸ್ಟೀರಿಯೋದೊಡನೆ ಬಂದಾಗ, ಚಿಮ್ಮಿದ ನಾಣ್ಯ ಬಿದ್ದ ಸದ್ದಿಗೆ ಜನ ಸೀಟಿನ ಕೆಳಗೆ ಹುಡುಕಿದರೆಂಬ ಮಾತು ಈಗಲೂ ಚಾಲ್ತಿಯಲ್ಲಿದೆ. 1977ರ ‘ಸ್ಟಾರ್ ವಾರ್ಸ್’ ಆ ಪ್ರಯೋಗಾಲಯದ ಡಾಲ್ಬಿ ಸ್ಟೀರಿಯೋವನ್ನು ಮನೆಮಾತಾಗಿಸಿತು. 1979ರ ‘ಅಪೊಕ್ಯಾಲಿಪ್ಸ್ ನೌ’ ಚಿತ್ರಕ್ಕೆ ಧ್ವನಿ ವಿನ್ಯಾಸಕ ವಾಲ್ಟರ್ ಮರ್ಚ್ ಹಿಂಬದಿಯ ಸದ್ದನ್ನು ಎಡ ಬಲ ಎಂದು ಬೇರ್ಪಡಿಸಿದ ಮೇಲೆ ಹೆಲಿಕಾಪ್ಟರ್ ಪ್ರೇಕ್ಷಕರನ್ನು ಸುತ್ತುಹಾಕತೊಡಗಿತು. ಮುಂದೆ ಮೂರು, ಹಿಂದೆ ಎರಡು, ಗುಡುಗಿಗೆಂದೇ ಒಂದು. ಈ ಕೊನೆಯದು 120 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ಮಾತ್ರ ಹೊರುವುದರಿಂದ ಅದನ್ನು ಪೂರ್ತಿ ಒಂದೆಂದು ಎಣಿಸದೆ, ಧ್ವನಿ ತಂತ್ರಜ್ಞ ಟಾಮ್ಲಿನ್ಸನ್ ಹೋಲ್ಮನ್ 1987ರಲ್ಲಿ 5.1 ಎಂದು ಕರೆದರು. ಆ ಅಂಕಿ ಇಂದು ಪ್ರತಿ ರಟ್ಟಿನ ಡಬ್ಬದ ಮೇಲೂ ಇದೆ.

ಆ ಡಬ್ಬಗಳ ಊರು ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲೂ ಎಸ್.ಪಿ. ರೋಡು. ಟ್ರಾನ್ಸ್‌ಫಾರ್ಮರು, 2030 ಐಸಿ ಬೋರ್ಡು, ನಾಲ್ಕಿಂಚಿನ ಸ್ಪೀಕರು, ಮರದ ಖಾಲಿ ಪೆಟ್ಟಿಗೆ, ಎಲ್ಲವೂ ಬಿಡಿಬಿಡಿಯಾಗಿ ಸಿಗುವ ಬೀದಿ. ಅಲ್ಲಿಗೆ ಹೋಗುವವರು ಎರಡು ವಿಷಯದಲ್ಲಿ ಎಚ್ಚರವಾಗಿದ್ದರೆ ಜೇಬು ಉಳಿಯುತ್ತದೆ.

ಒಂದು ವಾಟ್. ತೊಂಬತ್ತರ ದಶಕದ ಮ್ಯೂಸಿಕ್ ಸಿಸ್ಟಂಗಳ ಮೇಲೆ ಸಾವಿರಗಟ್ಟಲೆ ಪಿಎಂಪಿಒ ವಾಟ್ ಎಂದು ಹೊಳೆಯುವ ಸ್ಟಿಕ್ಕರು ಇರುತ್ತಿತ್ತು. ಕ್ಷಣಾರ್ಧದ ಉಬ್ಬನ್ನು ಹೇಗೆ ಬೇಕೋ ಹಾಗೆ ಲೆಕ್ಕ ಹಾಕಿ ಬರೆದ ಆ ಅಂಕಿಗೆ ಬೆಲೆಯಿಲ್ಲ, ನೋಡಬೇಕಾದದ್ದು ಸತತವಾಗಿ ಕೊಡುವ ಶಕ್ತಿಯ ಅಂಕಿಯಾದ ಆರ್‌ಎಂಎಸ್. ಸಾಧಾರಣ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 87 ಡೆಸಿಬಲ್ ಸದ್ದು ಬರುತ್ತದೆ. ಶಕ್ತಿ ಇಮ್ಮಡಿಯಾದರೆ ಸೇರುವುದು 3 ಡೆಸಿಬಲ್ ಮಾತ್ರ; ಕಿವಿಗೆ ಸದ್ದು ಇಮ್ಮಡಿ ಅನ್ನಿಸಬೇಕಾದರೆ ಹತ್ತು ಡೆಸಿಬಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ಎರಡು ಮೂರು ಮೀಟರ್ ದೂರದ ದಿಂಬಿಗೆ ನಿಜವಾದ ಹತ್ತು ವಾಟಿನ ಸದ್ದು ತಲುಪಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಐವತ್ತಕ್ಕೂ ನೂರಕ್ಕೂ ನಡುವೆ ಕಿವಿಗೆ ಸಿಗುವ ಲಾಭ ಆ 3 ಡೆಸಿಬಲ್ಲೇ. ಆ ವ್ಯತ್ಯಾಸದ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕುವುದು ಮೇಲು.

ಇನ್ನೊಂದು, ಡಬ್ಬದ ಬೆನ್ನು. ಐದು ಪೆಟ್ಟಿಗೆ, ಒಂದು ಸಬ್ ಇದ್ದಮಾತ್ರಕ್ಕೆ ಸೆಟ್ಟು 5.1 ಆಗುವುದಿಲ್ಲ. ಬ್ಲೂಟೂತ್ ಸಂಗೀತವನ್ನು ಎಡ ಬಲ ಎರಡು ಚಾನೆಲ್ಲಿನಲ್ಲೇ ಕಳಿಸುತ್ತದೆ. ಹೆಡ್‌ಫೋನ್ ಪಿನ್ನಿನದೂ ಅಷ್ಟೇ. ಅವೆರಡೇ ಒಳದಾರಿಯಾಗಿರುವ ಸೆಟ್ಟಿನಲ್ಲಿ ಮುಂದಿನದನ್ನೇ ಹಿಂದೆಯೂ ಕೇಳಿಸುತ್ತಾರೆ, ನಾಯಕಿಯ ಪಿಸುಮಾತು ಬೆನ್ನ ಹಿಂದಿನಿಂದಲೂ ಬರುತ್ತದೆ. ನಿಜವಾದ ಸೆಟ್ಟಿಗೆ ಆರು ಆರ್‌ಸಿಎ ತೂತುಗಳಿರಬೇಕು, ಇಲ್ಲವೇ ಆಪ್ಟಿಕಲ್ ಅಥವಾ ಎಚ್‌ಡಿಎಂಐ ಎಆರ್‌ಸಿ ಇರಬೇಕು. ಮೇಜಿನ ಕಂಪ್ಯೂಟರು ಇದ್ದವರಿಗೆ ಇನ್ನೂ ಸುಲಭ: ಹಿಂಬದಿಯ ಹಸಿರು ಪಿನ್ನು ಮುಂದಿನ ಜೋಡಿಗೆ, ಕಿತ್ತಳೆ ನಡುವಿನದಕ್ಕೆ ಮತ್ತು ಸಬ್ಬಿಗೆ, ಕಪ್ಪು ಹಿಂದಿನ ಜೋಡಿಗೆ.

ಕಡಿಮೆ ದುಡ್ಡಿನವರಿಗೆ ಅತ್ಯುತ್ತಮ ದಾರಿ ಹಳೆಯ ರಿಸೀವರು, ಎಂದರೆ ಬಂದ ಸದ್ದನ್ನು ಚಾನೆಲ್ಲುಗಳಾಗಿ ಬಿಡಿಸಿ ಪ್ರತಿ ಸ್ಪೀಕರಿಗೂ ಕಳಿಸುವ ಆಂಪ್ಲಿಫಯರು. ಚಿತ್ರದ ತಂತ್ರಜ್ಞಾನ ಮುಂದೆ ಓಡಿತು, 4ಕೆ ಬಂತು, ಅದನ್ನು ಹಾಯಿಸಲಾಗದ ರಿಸೀವರುಗಳನ್ನು ಜನ ಕಡಿಮೆ ಬೆಲೆಗೆ ಮಾರಿದರು. ಸದ್ದಿನ ಮಟ್ಟಿಗೆ ಅವು ಹಳತಾಗಿಲ್ಲ. ಚಿತ್ರ ನೇರ ಟೀವಿಗೆ ಹೋಗಲಿ, ಸದ್ದು ಟೀವಿಯಿಂದ ಆಪ್ಟಿಕಲ್ ವೈರಿನಲ್ಲಿ ರಿಸೀವರಿಗೆ ಬರಲಿ. ತೋಷಿಬಾ 1983ರಲ್ಲಿ ತಂದ ಈ ಬೆಳಕಿನ ದಾರದಲ್ಲಿ ಡಾಲ್ಬಿ ಡಿಜಿಟಲ್ಲಿನ ಆರೂ ಚಾನೆಲ್ಲು ಹಾಯುತ್ತವೆ. ಟೀವಿಯ ಸೆಟ್ಟಿಂಗಿನಲ್ಲಿ ಸದ್ದಿನ ಔಟ್‌ಪುಟ್ಟನ್ನು ಪಿಸಿಎಂನಿಂದ ಡಾಲ್ಬಿ ಡಿಜಿಟಲ್ಲಿಗೆ ಬದಲಿಸಬೇಕು; ಬದಲಿಸದಿದ್ದರೆ ಆಪ್ಟಿಕಲ್ಲಿನಲ್ಲಿ ಎರಡೇ ಚಾನೆಲ್ಲು ಬರುತ್ತವೆ. ಡೀವಿಡಿ ಕಾಲದ ಹೋಮ್ ಥಿಯೇಟರಿನ ಪುಟ್ಟ ಸ್ಪೀಕರುಗಳೂ ಗುಜರಿಯಲ್ಲಿ ಸಿಗುತ್ತವೆ. ಅವುಗಳ ಬೆನ್ನಿನ ಚೀಟಿ ಓದಿ ಕೊಳ್ಳಬೇಕು. 3 ಓಮ್, 4 ಓಮ್ ಎಂದಿದ್ದರೆ, 8 ಓಮಿಗೆಂದು ಮಾಡಿದ ಆಂಪ್ಲಿಫಯರು ಅವುಗಳ ಜೊತೆ ಬಿಸಿಯೇರಿ ಸಾಯಬಹುದು.

ಸಾಮಾನು ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು, ಅದು ಮಂಚದಿಂದ.

ಸ್ಟುಡಿಯೋಗಳಿಗೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದು ನಕ್ಷೆ ಕೊಟ್ಟಿದೆ: ನಡುವಿನ ಸ್ಪೀಕರು ಮೂಗಿನ ನೇರಕ್ಕೆ, ಮುಂದಿನ ಎರಡು ಅದರ ಆಚೀಚೆ 30 ಡಿಗ್ರಿಗೆ, ಹಿಂದಿನವು 100ರಿಂದ 120 ಡಿಗ್ರಿಯೊಳಗೆ. ಹತ್ತು ಬೈ ಹನ್ನೆರಡರಲ್ಲಿ ಟೀವಿಯನ್ನು ಹತ್ತಡಿಯ ಗೋಡೆಗೆ ಹಾಕಿದರೆ ದಿಂಬಿನಿಂದ ಅದು ಹತ್ತೂವರೆ ಅಡಿಯಷ್ಟು ದೂರ ಹೋಗುತ್ತದೆ. ಮುಂದಿನ ಸ್ಪೀಕರುಗಳ ನಡುವೆ ಎಂಟು ಅಡಿ ಅಂತರ ಸಿಕ್ಕರೂ ಕೋನ 21 ಡಿಗ್ರಿಗೆ ಇಳಿದು ಸದ್ದು ಇಕ್ಕಟ್ಟಾಗುತ್ತದೆ. ಟೀವಿಯನ್ನು ಹನ್ನೆರಡಡಿಯ ಗೋಡೆಗೆ ಹಾಕಿ, ಮಂಚವನ್ನು ಎದುರಿಗೆ ತಿರುಗಿಸಿ, ತಲೆ ಹಿಂಗೋಡೆಯಿಂದ ಒಂದಡಿ ಮುಂದಿರುವಂತೆ ಒರಗಿದರೆ ಲೆಕ್ಕ ಚಂದವಾಗಿ ಕೂಡಿಬರುತ್ತದೆ. ಮುಂದಿನ ಜೋಡಿ ಒಂಬತ್ತೂವರೆ ಅಡಿ ಅಂತರದಲ್ಲಿ 29 ಡಿಗ್ರಿಗೆ ನಿಲ್ಲುತ್ತದೆ. ಹಿಂದಿನ ಎರಡು ಮೂಲೆಗಳು ಸರಿಸುಮಾರು 100 ಡಿಗ್ರಿ. ಆ ಮೂಲೆಗಳಲ್ಲಿ ಕಿವಿಯ ಮಟ್ಟಕ್ಕಿಂತ ಎರಡಡಿ ಮೇಲೆ ಸ್ಪೀಕರು ಕೂರಿಸಿ, ಮುಖವನ್ನು ದಿಂಬಿನ ಕಡೆ ತಿರುಗಿಸದೆ ಒಂದರೆದುರು ಒಂದು ನೋಡುವಂತೆ ಬಿಟ್ಟರೆ ಮಳೆಯ ಸದ್ದು ಎರಡು ಪೆಟ್ಟಿಗೆಗಳಿಂದ ಬಂದಂತೆ ಕೇಳುವುದಿಲ್ಲ, ಕೋಣೆಯಲ್ಲಿ ಹರಡಿಕೊಳ್ಳುತ್ತದೆ.

ಹಿಂದಿನ ಸ್ಪೀಕರುಗಳು ದಿಂಬಿಗೆ ಹತ್ತಿರವಿರುವುದರಿಂದ ಅವುಗಳ ಸದ್ದು ಮೊದಲು ಮುಟ್ಟುತ್ತದೆ. ಒಂದಡಿ ದಾಟಲು ಸದ್ದಿಗೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು, ಇಲ್ಲಿನ ವ್ಯತ್ಯಾಸ ಮೂರು ನಾಲ್ಕು ಮಿಲಿಸೆಕೆಂಡ್. ಅದರಿಂದ ಆಗುವುದೇನು ಎಂದರೆ, ಒಂದೇ ಸದ್ದು ಎರಡು ಕಡೆಯಿಂದ ಬಂದಾಗ ಮೊದಲು ಮುಟ್ಟಿದ ದಿಕ್ಕಿನಿಂದಲೇ ಬಂತೆಂದು ಕಿವಿ ತೀರ್ಮಾನಿಸಿಬಿಡುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ವಿವರವಾಗಿ ಅಳೆದು ತೋರಿಸಿದರು. ರಿಸೀವರಿಗೆ ಪ್ರತಿ ಸ್ಪೀಕರಿನ ದೂರ ಎಷ್ಟೆಂದು ಟೇಪು ಹಿಡಿದು ಅಳೆದು ತಿಳಿಸಿದರೆ ಹತ್ತಿರದವನ್ನು ಅದು ಅಷ್ಟು ಹೊತ್ತು ತಡೆದಿಡುತ್ತದೆ.

ಸಣ್ಣ ಕೋಣೆ ನಿಜವಾಗಿ ಕಾಡುವುದು ಕೆಳಗಿನ ಸ್ವರಗಳಲ್ಲಿ. ಎದುರುಬದುರು ಗೋಡೆಗಳ ನಡುವೆ ಓಡಾಡುವ ಸದ್ದಿನ ಅಲೆಯ ಅರ್ಧ ಉದ್ದ ಆ ಅಂತರಕ್ಕೆ ಸರಿಹೊಂದಿದರೆ ಅದು ಅಲ್ಲೇ ನಿಂತು ಮೊರೆಯುತ್ತದೆ. ಹನ್ನೆರಡಡಿಗೆ ಅದು 47 ಹರ್ಟ್ಜ್, ಹತ್ತಡಿಗೆ 56. ಸೂರು ಕೂಡ ಹತ್ತಡಿ ಎತ್ತರವಿದ್ದರೆ 56 ಎರಡೆರಡು ಸಲ ಸೇರಿಕೊಂಡು ದುಪ್ಪಟ್ಟು ಗುಂಯ್‌ಗುಡುತ್ತದೆ. ಇಂಥ ಅಲೆ ಗೋಡೆಯ ಬಳಿ ಜೋರು, ನಟ್ಟನಡುವೆ ಇಲ್ಲವೇ ಇಲ್ಲ. ಹಿಂಗೋಡೆಗೆ ಒರಗಿದವರಿಗೆ 56 ಹರ್ಟ್ಜ್ ಕಿವಿಗಡಚಿಕ್ಕುತ್ತದೆ. ಹನ್ನೆರಡಡಿಯ ಉದ್ದದಲ್ಲಿ ಸರಿಯಾಗಿ ಮಧ್ಯೆ ಕೂತವರಿಗೆ 47 ಮಾಯ. ಒಂದೇ ಮಂಚದ ಎರಡು ದಿಂಬುಗಳಲ್ಲಿ ಗಂಡನಿಗೆ ಗುಡುಗು ಕೇಳಿ ಹೆಂಡತಿಗೆ ಕೇಳದಿರುವುದು ಹೀಗೆ. ದುಬಾರಿ ಸಬ್ ತಂದರೂ ಇದು ಹೋಗದು. ಮಂಚವನ್ನು ಒಂದಡಿ ಪಕ್ಕಕ್ಕೆ ಎಳೆದರೆ, ಸಬ್ಬಿನ ಜಾಗ ಬದಲಿಸಿದರೆ ಬಹಳಷ್ಟು ಹೋಗುತ್ತದೆ.

ಸಬ್ಬಿಗೆ ಜಾಗ ಹುಡುಕುವ ಉಪಾಯ ಬಲ್ಲವರೆಲ್ಲ ಮಾಡುವಂಥದ್ದು. ಸಬ್ಬನ್ನೇ ಎತ್ತಿ ಹಾಸಿಗೆಯ ಮೇಲೆ, ತಲೆಯಿಡುವ ಕಡೆ ಇಡುವುದು. ಬೇಸ್ ಗಿಟಾರು ಚೆನ್ನಾಗಿರುವ ಹಾಡೊಂದನ್ನು ಹಾಕುವುದು. ಆಮೇಲೆ ಗೋಡೆಯುದ್ದಕ್ಕೂ ಮೊಣಕಾಲೂರಿ ತೆವಳುತ್ತ ಕೇಳುವುದು. ಎಲ್ಲಿ ಪ್ರತಿ ಸ್ವರವೂ ಒಂದೇ ತೂಕದಲ್ಲಿ ಕೇಳಿತೋ ಸಬ್ಬಿನ ಜಾಗ ಅದೇ. 80 ಹರ್ಟ್ಜ್‌ಗಿಂತ ಕೆಳಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗುರುತಿಸುವುದು ಕಷ್ಟ, ಹಾಗಾಗಿ ಬೀರುವಿನ ಪಕ್ಕವಾದರೂ ಅಡ್ಡಿಯಿಲ್ಲ. ಬೀರುವೇ ಅಡ್ಡಿ ಮಾಡಬಹುದು! ಅದರ ಬಾಗಿಲು, ಒಳಗಿನ ಬಳೆ ಸ್ಟ್ಯಾಂಡು, ಸಜ್ಜಾದ ಸ್ಟೀಲು ತಟ್ಟೆಗಳು, ಕಿಟಕಿಯ ಗಾಜು ಪ್ರತಿಯೊಂದೂ ತನ್ನದೇ ಸ್ವರಕ್ಕೆ ಝಿಲ್ಲೆನ್ನುತ್ತದೆ. ಸ್ಪೀಕರೇ ಒಡೆದಿದೆಯೆಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಒಂದೊಂದನ್ನೂ ಕೈಯಿಂದ ಒತ್ತಿ ಹಿಡಿದು ನೋಡಬೇಕು. ಬೀರುವಿನ ಬಾಗಿಲ ಸಂದಿಗೆ ಮಡಿಸಿದ ಬಟ್ಟೆ, ತಟ್ಟೆಗಳ ನಡುವೆ ಹಳೆಯ ಪತ್ರಿಕೆ ಇಟ್ಟರೆ ಮುಗಿಯಿತು.

ಮಲಗುವ ಕೋಣೆಗೆ ಹಾಲಿಗಿಲ್ಲದ ಭಾಗ್ಯವೊಂದಿದೆ, ಹಾಸಿಗೆ. 1895ರಲ್ಲಿ ಹಾರ್ವರ್ಡಿನ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತಾಡಿದ ಪ್ರತಿ ಪದ ಐದೂವರೆ ಸೆಕೆಂಡ್ ಅನುರಣಿಸಿ ಪಾಠವೇ ಕೇಳದಾಗಿತ್ತು. ಅದನ್ನು ಸರಿಪಡಿಸಲು ನೇಮಕಗೊಂಡ ಯುವ ಅಧ್ಯಾಪಕ ವಾಲೇಸ್ ಸಬೈನ್ ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು, ಇಷ್ಟು ಮೆತ್ತೆಗೆ ಮಾರ್ದನಿ ಎಷ್ಟು ಇಳಿಯುತ್ತದೆಂದು ಅಳೆದರು. ಕಟ್ಟಡಗಳ ಧ್ವನಿಶಾಸ್ತ್ರ ಹುಟ್ಟಿದ್ದು ಆ ಮೆತ್ತೆಗಳಿಂದ. ಅವರ ಸೂತ್ರವನ್ನೇ ಹಾಕಿ ನೋಡಿದರೆ, ಟೈಲ್ಸ್ ನೆಲ, ಗಾರೆ ಗೋಡೆಯ ಖಾಲಿ ಹತ್ತು ಬೈ ಹನ್ನೆರಡರಲ್ಲಿ ಸದ್ದು ಎರಡು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತದೆ. ಜೋಡಿ ಹಾಸಿಗೆ, ದಿಂಬು, ರಗ್ಗು ಬಂದ ಮೇಲೆ ಒಂದು ಸೆಕೆಂಡಿಗಿಂತ ಕೆಳಗಿಳಿಯುತ್ತದೆ. ದಪ್ಪ ಪರದೆ, ಬಾಗಿಲ ಹಿಂದೆ ತೂಗುವ ಬಟ್ಟೆ ಕೂಡ ಕೈಜೋಡಿಸುತ್ತವೆ. ಉತ್ತರ ಕರ್ನಾಟಕದ ಮನೆಗಳ ಕೌದಿಯೊಂದನ್ನು ತಲೆಯ ಹಿಂದಿನ ಗೋಡೆಗೆ ಇಳಿಬಿಟ್ಟರೆ ನೋಟಕ್ಕೂ ಸೊಗಸು, ಮಾತೂ ತಿಳಿಯಾಗುತ್ತದೆ. ಗುಡುಗಿನಂಥ ಕೆಳಗಿನ ಸ್ವರಗಳಿಗೆ ಮಾತ್ರ ಇವಾವುವೂ ತಾಗುವುದಿಲ್ಲ.

ವೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲೆಕ್ಟ್ರಿಷಿಯನ್ನರು ಒಂದು ಎಂಎಂ ಎನ್ನುವ ತಾಮ್ರದ ವೈರು ಹತ್ತು ಮೀಟರ್ ಓಡಿದರೂ 8 ಓಮಿನ ಸ್ಪೀಕರಿಗೆ ಅರ್ಧ ಡೆಸಿಬಲ್ಲೂ ನಷ್ಟವಾಗದು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲವಾದ್ದರಿಂದ ಕೇಸಿಂಗ್ ಪಟ್ಟಿಯನ್ನು ಸ್ಕರ್ಟಿಂಗಿನ ಗುಂಟ ಅಂಟಿಸಿದರಾಯಿತು. ಆದರೆ ಪ್ಲಸ್ಸು ಮೈನಸ್ಸು ತಪ್ಪಬಾರದು. ಒಂದು ಸ್ಪೀಕರು ತಿರುಗುಮುರುಗಾದರೂ ಬೇಸು ಸತ್ತು ದನಿ ತೇಲಾಡುತ್ತದೆ. ಗುರುತಿಲ್ಲದ ಹಳೆಯ ಸ್ಪೀಕರಿಗೆ ಮೆಕ್ಯಾನಿಕ್ಕುಗಳು ಪೆನ್‌ಸೆಲ್ ಮುಟ್ಟಿಸಿ ನೋಡುತ್ತಾರೆ: ಕೋನು ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್.

ರಾತ್ರಿ ಹತ್ತಾಯಿತೆಂದರೆ ಇನ್ನೊಂದು ಹದ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಬೇಸು ಗೋಡೆಯನ್ನೂ ಸ್ಲ್ಯಾಬನ್ನೂ ಲೆಕ್ಕಿಸದೆ ದಾಟುವುದರಿಂದ ಸಬ್ಬನ್ನು ಮೊದಲು ತಗ್ಗಿಸಬೇಕು, ಕೆಳಗಿನ ಮನೆಯಲ್ಲಿ ಹಸುಗೂಸಿದ್ದರೆ ಪೂರ್ತಿ ನಿಲ್ಲಿಸುವುದೇ ಸರಿ. ಆಗ ನಡುವಿನ ಸ್ಪೀಕರಿನ ಬೆಲೆ ಗೊತ್ತಾಗುತ್ತದೆ. ಸಿನಿಮಾದ ಮಾತೆಲ್ಲ ಹೆಚ್ಚಾಗಿ ಇರುವುದು ಅದರಲ್ಲಿ. ಒಟ್ಟು ಸದ್ದು ಇಳಿಸಿ ಅದೊಂದನ್ನೇ ಮೂರು ನಾಲ್ಕು ಡೆಸಿಬಲ್ ಏರಿಸಿದರೆ, ಕಿವಿ ಮಂದವಾದ ಅಜ್ಜಿಗೂ ಸಂಭಾಷಣೆ ಸ್ಪಷ್ಟ. ಐದು ಸ್ಪೀಕರಿಗೆ ಹಂಚುವಷ್ಟು ದುಡ್ಡಿಲ್ಲದಿದ್ದರೆ ಸಿಂಹಪಾಲು ಈ ನಡುವಿನದಕ್ಕೇ ಸಲ್ಲಬೇಕು. ಹಿಂದಿನವು ಯಾವ ಗುಜರಿಯದಾದರೂ ನಡೆದೀತು. ಅಲ್ಫಾನ್ಸೋ ಕ್ವಾರೋನ್ ಅವರ ‘ರೋಮಾ’ (2018) ಚಿತ್ರವನ್ನು ಹೀಗೆ ತಗ್ಗಿದ ದನಿಯಲ್ಲಿ ಕೇಳಿ ನೋಡಬೇಕು. ಮೆಕ್ಸಿಕೋ ನಗರದ ಬೀದಿ ವ್ಯಾಪಾರಿಗಳ ಕೂಗು, ನಾಯಿ, ವಿಮಾನಗಳು ಪರದೆಯ ಹೊರಗೆ ಸುತ್ತಲೂ ಹಾಯುತ್ತವೆ. ಸ್ಫೋಟಗಳಿಗಿಂತ ಇಂಥ ಸಣ್ಣ ಸದ್ದುಗಳಲ್ಲೇ ಸರೌಂಡ್ ಸಾರ್ಥಕವಾಗುವುದು.

ಇಷ್ಟಕ್ಕೂ ಕೈಯಲ್ಲಿ ದುಡ್ಡೇ ಇಲ್ಲದವರಿಗೆ ಡೇವಿಡ್ ಹ್ಯಾಫ್ಲರ್ ಎಂಬ ಅಮೆರಿಕನ್ ಎಂಜಿನಿಯರ್ 1970ರ ಸುಮಾರಿಗೆ ಪ್ರಚಾರಕ್ಕೆ ತಂದ ಜೋಡಣೆಯೊಂದಿದೆ. ಹಳೆಯ ಸ್ಟೀರಿಯೋ ಆಂಪ್ಲಿಫಯರು ಒಂದು, ಮುಂದೆ ಎರಡು ಸ್ಪೀಕರು ಎಂದಿನಂತೆ. ಹಿಂದಿನ ಎರಡರ ಕರಿ ತುದಿಗಳನ್ನು ಒಂದಕ್ಕೊಂದು ಸೇರಿಸಿ, ಕೆಂಪು ತುದಿಗಳಲ್ಲಿ ಒಂದನ್ನು ಆಂಪ್ಲಿಫಯರಿನ ಎಡಗಡೆಯ ಕೆಂಪಿಗೆ, ಇನ್ನೊಂದನ್ನು ಬಲಗಡೆಯ ಕೆಂಪಿಗೆ ಹಚ್ಚುವುದು. ಎಡ ಬಲಗಳಲ್ಲಿ ಒಂದೇ ಆಗಿರುವುದು, ಎಂದರೆ ನಡುವಿನ ಮಾತು, ಹಿಂದೆ ಕೇಳುವುದೇ ಇಲ್ಲ. ಅವೆರಡರ ವ್ಯತ್ಯಾಸವಷ್ಟೇ ಉಳಿಯುತ್ತದೆ: ಮಾರ್ದನಿ, ಮಳೆ, ಜನರ ಗದ್ದಲ. ಡಾಲ್ಬಿ ಸ್ಟೀರಿಯೋ ಚಿತ್ರಗಳು ಹಿಂಬದಿಯ ಸದ್ದನ್ನು ಅಡಗಿಸಿಡುತ್ತಿದ್ದುದೂ ಈ ವ್ಯತ್ಯಾಸದಲ್ಲೇ. ಈಗ ಅಗ್ಗಕ್ಕೆ ಸಿಗುವ ಪುಟ್ಟ ಕ್ಲಾಸ್ ಡಿ ಬೋರ್ಡುಗಳು, ಬ್ರಿಡ್ಜ್ ಮಾಡಿದ 4440 ಬೋರ್ಡುಗಳ ಮೇಲೆ ಮಾತ್ರ ಇದನ್ನು ಮಾಡದಿರುವುದು ಕ್ಷೇಮ, ಅವುಗಳ ಕರಿ ತುದಿಯಲ್ಲೂ ಸಿಗ್ನಲ್ ಇರುತ್ತದೆ. ಆಂಪ್ಲಿಫಯರು ಆಫ್ ಮಾಡಿ, ಮಲ್ಟಿಮೀಟರಿನ ಕಡ್ಡಿಗಳನ್ನು ಎರಡೂ ಕರಿ ತುದಿಗಳಿಗೆ ಮುಟ್ಟಿಸಬೇಕು. ಬೀಪ್ ಬಂದರೆ ಎರಡೂ ಒಂದೇ ಗ್ರೌಂಡಿನವು, ವೈರು ಹಚ್ಚಬಹುದು. ಮೊದಲು ಹಾಕಿ ಕೇಳಲು ತಕ್ಕದ್ದು, ಸಭಿಕರ ಮುಂದೆ ನಡೆದ ಯಾವುದಾದರೂ ಸಂಗೀತ ಕಚೇರಿಯ ಸ್ಟೀರಿಯೋ ಧ್ವನಿಮುದ್ರಣ. ಗಾಯಕರು ಎದುರಿಗೇ ಇರುತ್ತಾರೆ, ತನಿ ಆವರ್ತನ ಮುಗಿದಾಗಿನ ಚಪ್ಪಾಳೆ ದಿಂಬಿನ ಹಿಂದಿನಿಂದ ಬರುತ್ತದೆ.